ಬಿಡುಗಡೆಯಮ್ಮ

ಅವಳಿಗೆ ಆ ಹೆಸರು ಬಿದ್ದದ್ದು ನನ್ನಿಂದಲೇ. ಅವರು ನಮ್ಮ ಮೇಲಿನ ಮನೆಗೆ ಬಂದ ಹೊಸತು. ಮೆಟ್ಟಿಲ ಹತ್ತಿರ ಸಿಕ್ಕಾಗ, "ಬಿಡುವಾದಾಗ ಬಂದು ಕೂತು ಹೋಗಮ್ಮ" ಎಂದೆ. "ಬರ್ತೀನಕ್ಕ, ಬಿಡುಗಡೆ ಒಂದು ಮುಗೀಲಿ" ಎಂದಳು. ಆಮೇಲೆ ಯಾವಾಗ ಕರೆದರೂ ಅದೇ ಮಾತು. ರವಿಕೆಯ ಅಳತೆ ಕೊಡಲು ಬಾ ಎಂದರೂ ಬಿಡುಗಡೆ, ನೀರಿನ ತೊಟ್ಟಿ ತೊಳೆಸುವ ಮಾತೆತ್ತಿದರೂ ಬಿಡುಗಡೆ.

ನನಗೆ ಮನಸ್ಸು ತಡೆಯಲಿಲ್ಲ. ಪಾಪ, ಅಣ್ಣನೋ ತಮ್ಮನೋ ಯಾರೋ ಜೈಲಿನಲ್ಲಿರಬೇಕು, ಬಾಯಿಬಿಟ್ಟು ಹೇಳಲಾರದೆ ಹೀಗೆ ಸೂಚನೆ ಕೊಡುತ್ತಿದ್ದಾಳೆ ಎಂದುಕೊಂಡೆ. ದಿನವೂ ಪ್ರಾರ್ಥನೆಗೆ ಕೂತಾಗ, "ದೇವರೇ, ಅವನು ಯಾರೇ ಆಗಿರಲಿ, ಬೇಗ ಬಿಡುಗಡೆ ಕೊಡಪ್ಪ" ಎಂದು ಒಂದು ಮಾತು ಸೇರಿಸುತ್ತಿದ್ದೆ. ಕೊನೆಗೊಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಯಾರಮ್ಮ ಒಳಗಿರೋದು?"

"ಯಾವುದರ ಒಳಗೆ ಅಕ್ಕ?"

"ಅದೇ, ಬಿಡುಗಡೆ ಬಿಡುಗಡೆ ಅಂತಿರ್ತೀಯಲ್ಲ. ಹೇಳ್ಕೊಂಡ್ರೆ ಭಾರ ಇಳಿಯುತ್ತೆ, ನಾನು ಯಾರ ಹತ್ತಿರನೂ ಆಡಲ್ಲ."

ಅವಳು ಅರ್ಥವಾಗದೆ ನೋಡಿದಳು. ಅರ್ಥವಾದ ಮೇಲೆ ತರಕಾರಿ ಚೀಲದ ಸಮೇತ ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂದಿನಿಂದ ಅವಳು ನನಗೆ ಬಿಡುಗಡೆಯಮ್ಮ. ಆಮೇಲೆ ಇಡೀ ಕಟ್ಟಡಕ್ಕೇ.

ಬಿಡುಗಡೆಯಾಗಬೇಕಿದ್ದದ್ದು ಮನುಷ್ಯನಲ್ಲ, ಚಿತ್ರ ಬಿಡಿಸುವ ಒಂದು ಸಾಫ್ಟ್‌ವೇರ್. ಲೋಕದ ಯಾವ ಯಾವುದೋ ಮೂಲೆಯ ಜನ ಸೇರಿ ಕಟ್ಟುವ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ, ಪುಕ್ಕಟೆ ಹಂಚುವ ಸಾಫ್ಟ್‌ವೇರ್. ಹಗಲು ಅವಳು ಮುದ್ರಣದ ಅಂಗಡಿಯೊಂದರಲ್ಲಿ ಪುಟ ಜೋಡಿಸುತ್ತಾಳೆ. ಕಾಲೇಜು ಅರ್ಧಕ್ಕೆ ಬಿಟ್ಟವಳು. ಅಂಗಡಿಯ ಕೆಲಸಕ್ಕೆಂದು ಈ ಸಾಫ್ಟ್‌ವೇರ್ ಹಾಕಿಕೊಂಡಳಂತೆ. ಅದರಲ್ಲಿ ಕನ್ನಡ ಅಕ್ಷರ ಒಡೆದು ಬರುತ್ತಿದ್ದುದನ್ನು ನೋಡಿ, ಸರಿಮಾಡಿ ಎಂದು ಬರೆದಳಂತೆ. "ನೀನೇ ಮಾಡು, ದಾರಿ ತೋರಿಸ್ತೀವಿ" ಎಂಬ ಉತ್ತರ ಬಂತಂತೆ. ಬಿಲ ಕಂಡ ಇಲಿಯ ಹಾಗೆ ಒಳಹೊಕ್ಕವಳು ಹೊರಗೆ ಬರಲೇ ಇಲ್ಲ. ಪರದೆಯ ಮೇಲಿನ ಇಂಗ್ಲಿಷ್ ಹೆಸರುಗಳಿಗೆ ಕನ್ನಡದ ಮಾತುಗಳನ್ನು ಕೂಡಿಸಿದಳು, ದೋಷಗಳನ್ನು ಹುಡುಕಿದಳು. ವರ್ಷಗಳು ಕಳೆದ ಮೇಲೆ ಹೊಸ ಆವೃತ್ತಿಯನ್ನು ಹೊರಗೆ ಬಿಡುವ ಹೊಣೆಯೇ ಅವಳ ತಲೆಯ ಮೇಲೆ ಬಂತು.

"ವಿಂಡೋಸ್, ಮ್ಯಾಕ್, ಲಿನಕ್ಸ್ ಅಂತ ಮೂರು ಥರದ ಕಂಪ್ಯೂಟರ್ ಇರ್ತವೆ ಅಕ್ಕ. ಮೂರರಲ್ಲೂ ಒಂದೇ ಥರ ನಡೀಬೇಕು" ಎಂದು ವಿವರಿಸಿದ್ದಳು.

"ಒಂದೇ ಬಟ್ಟೆ, ಮೂರು ಮೈ" ಎಂದೆ, ಹೊಲಿಗೆಯವಳಲ್ಲವೇ ನಾನು.

"ಅಷ್ಟೇ! ಒಬ್ಬರಿಗೆ ಕಂಕುಳು ಬಿಗಿ, ಇನ್ನೊಬ್ಬರಿಗೆ ಕತ್ತು ಸಡಿಲ."

ಮೂರು ಥರದ ಕಂಪ್ಯೂಟರಿಗೂ ಹಾಕಿಕೊಳ್ಳಲು ಬರುವಂತೆ ಪೊಟ್ಟಣ ಕಟ್ಟುವವರು ಬೇರೆ ಬೇರೆ. ಮ್ಯಾಕಿನದು ಕಟ್ಟುವವನು ಯಾವುದೋ ಚಳಿದೇಶದವನು. ಇವರ ಮನೆಯಲ್ಲಿ ಅವನ ಹೆಸರು ಮ್ಯಾಕಣ್ಣ. ಅವನು ತನ್ನ ಕಚೇರಿಗೆ ರಜೆ ಹಾಕಿ ಈ ಕೆಲಸ ಮಾಡುತ್ತಿದ್ದ. ಇವಳು ಎಲ್ಲರಿಗೂ ಕಾಯಬೇಕು, ಎಲ್ಲರನ್ನೂ ಎಬ್ಬಿಸಬೇಕು, ಯಾರಿಗೂ ನೋವಾಗಬಾರದು. ದೊಡ್ಡ ಕುಟುಂಬದ ಹಿರಿಸೊಸೆಯ ಕೆಲಸ ಅದು, ಸಂಬಳವಿಲ್ಲದ್ದು.

ಮನೆಯಲ್ಲಿ ಅವಳು, ಲಿಫ್ಟ್ ರಿಪೇರಿ ಮಾಡುವ ಗಂಡ, ಮತ್ತು ಮಾವ. ಕಿಟಕಿಯ ಪಕ್ಕದ ಉದ್ದ ಮೇಜಿನ ಮೇಲೆ ಮೂರು ಹಳೆಯ ಕಂಪ್ಯೂಟರುಗಳು. ಒಂದರ ಮುಚ್ಚಳಕ್ಕೆ ಕೀಲಿಲ್ಲ, ಗೋಡೆಗೆ ಒರಗಿಸಿಟ್ಟಿರುತ್ತಾರೆ. ಅದರ ಮುಂದಿನ ಕುರ್ಚಿ ಮಾವನದು.

ಅವರು ಅಂಗಡಿಗಳ ಬೋರ್ಡು ಬರೆದು ಬದುಕಿದವರು. ಏಣಿ ಹತ್ತಿ, ಗೋಡೆಗೆ ಮುಖ ಮಾಡಿ, ಆಳೆತ್ತರದ ಅಕ್ಷರಗಳನ್ನು ದಾರ ಹಿಡಿಯದೆ ನೆಟ್ಟಗೆ ಎಳೆಯುತ್ತಿದ್ದರಂತೆ. ಏಣಿಯ ಬುಡವನ್ನು ಹೆಂಡತಿ ಹಿಡಿಯುತ್ತಿದ್ದರು. ಆಕೆ ತೀರಿಕೊಂಡು ಕೆಲವು ವರ್ಷಗಳಾಗಿವೆ. ಆಮೇಲೆ ಕೈನಡುಕ ಶುರುವಾಯಿತು. ಲೋಟ ಹಿಡಿದರೆ ಚಹಾ ತಟ್ಟೆಗೆ, ತಟ್ಟೆ ಹಿಡಿದರೆ ಚಹಾ ಪಂಚೆಗೆ. ಬ್ರಷ್ಷನ್ನು ತಾವೇ ಒಂದು ದಿನ ತೊಳೆದು, ಒಣಗಿಸಿ, ಅಟ್ಟಕ್ಕೆ ಹಾಕಿದರು. ಮನುಷ್ಯ ಮಾತು ಕಡಿಮೆ ಮಾಡಿದರು, ಊಟ ಕಡಿಮೆ ಮಾಡಿದರು.

ಬಿಡುಗಡೆಯಮ್ಮ ಅವರನ್ನು ಪುಸಲಾಯಿಸಲಿಲ್ಲ. ಪೆನ್ನಿನಿಂದ ಬರೆಯುವ ಒಂದು ಹಲಗೆಯನ್ನು ಕಂಪ್ಯೂಟರಿಗೆ ಜೋಡಿಸಿ, "ಮಾವ, ಇದು ಕೆಲಸ ಮಾಡುತ್ತಾ ನೋಡಿ, ನಂಗೆ ಅಡಿಗೆ ಇದೆ" ಎಂದು ಒಳಗೆ ಹೋದಳಂತೆ. ಆ ಸಾಫ್ಟ್‌ವೇರಿನಲ್ಲಿ ನಡುಗುವ ಕೈಯ ಗೆರೆಯನ್ನು ಸಾವರಿಸಿ ನೆಟ್ಟಗೆ ಮಾಡುವ ಏರ್ಪಾಡು ಒಂದಿತ್ತು. ಎಷ್ಟು ಬಿಗಿಯಾಗಿ ಸಾವರಿಸಬೇಕೆಂಬುದನ್ನು ಒಂದು ಸಲ ಗೊತ್ತುಮಾಡಿಟ್ಟರೆ ಸಾಕು. ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಪರದೆಯ ಮೇಲೆ ಒಂದು 'ಅ' ಮೂಡಿತ್ತು. ದುಂಡಗೆ, ತುಂಬು ಹೊಟ್ಟೆಯ 'ಅ'. ಮಾವ ಅದರ ಮುಂದೆ ಕೈಕಟ್ಟಿ ಕೂತಿದ್ದರು.

ಅಲ್ಲಿಂದ ಅವರು ಸೊಸೆಯ ಅಕ್ಷರಗಳಿಗೆ ತಪಾಸಣೆಯ ಅಧಿಕಾರಿಯಾದರು. ನಾನು ಬಟ್ಟೆ ಕೊಡಲು ಹೋದಾಗೆಲ್ಲ ಅವರಿಬ್ಬರ ಜಗಳ ನೋಡುವುದೇ ಒಂದು ಹಬ್ಬ.

"ಇದೇನಮ್ಮ, ಒತ್ತಕ್ಷರದ ಕಾಲನ್ನೇ ಕಡಿದುಹಾಕಿದೆಯಲ್ಲ ನಿನ್ನ ಯಂತ್ರ?"

"ಮ್ಯಾಕ್‌ನಲ್ಲಿ ಸಾಲು ಸ್ವಲ್ಪ ಗಿಡ್ಡ ಮಾವ. ಕೆಳಗೆ ಜಾಗ ಸಾಲಲ್ಲ."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಇರೋದು. ಕಾಲು ಕತ್ತರಿಸು ಅಂತಲ್ಲ. ಹಾಸಿಗೆ ಉದ್ದ ಮಾಡೋಕೆ ಹೇಳು ನಿನ್ನ ಮ್ಯಾಕಣ್ಣನಿಗೆ."

ಅವಳು ಹೇಳಿದಳು, ಅವನು ಮಾಡಿದ. ಎಲ್ಲೋ ಇರುವ ಮನುಷ್ಯ ತನ್ನ ಮಾತಿಗೆ ಸಾಲು ಉದ್ದ ಮಾಡಿದ ಎಂದು ಅಣ್ಣ, ನಾನು ಅವಳ ಮಾವನನ್ನು ಅಣ್ಣ ಎಂದೇ ಕರೆಯುವುದು, ವಾರವಿಡೀ ಹಾಲಿನವನಿಗೂ ಹೇಳಿಕೊಂಡು ತಿರುಗಿದರು.

ಈ ಸಲದ ಬಿಡುಗಡೆಗೆ ಒಂದು ವಿಶೇಷವಿತ್ತು. ಸಾಫ್ಟ್‌ವೇರ್ ತೆರೆದುಕೊಳ್ಳುವಾಗ ಕ್ಷಣಹೊತ್ತು ಒಂದು ಚಿತ್ರ ಮುಖ ತೋರಿಸಿ ಹೋಗುತ್ತದೆ. ಬಾಗಿಲ ಚಿತ್ರ ಎನ್ನುತ್ತಾರೆ ಇವರು. ಪ್ರತಿ ಆವೃತ್ತಿಗೂ ಬಳಸುವವರಲ್ಲೇ ಒಬ್ಬರ ಚಿತ್ರವನ್ನು ಎಲ್ಲರೂ ಸೇರಿ ಆರಿಸುತ್ತಾರೆ. ಸೊಸೆ ಬಾಯಿ ಹಾಕಲಿಲ್ಲ, ಬೇಕಾದರೆ ಆಣೆ ಮಾಡುತ್ತಾಳೆ. ಆರಿಸಿದ್ದು ಅಣ್ಣನ ಚಿತ್ರವನ್ನು. ಗೋಡೆ, ಗೋಡೆಯ ಮೇಲೆ ಅರ್ಧ ಬರೆದ ಅಕ್ಷರಗಳು, ಒರಗಿದ ಏಣಿ, ಏಣಿಯ ಬುಡವನ್ನು ಹಿಡಿದ ಒಬ್ಬ ಹೆಂಗಸು. ಅವರು ಕಳಿಸಿದ್ದು ಕರಡು. ಅದನ್ನು ಪೂರ್ತಿ ಮಾಡಿ ಕೊಡಬೇಕಿತ್ತು. ಹೆಂಗಸಿನ ಮುಖ ಮತ್ತು ಕೈ ಬಾಕಿ.

ಬಿಡುಗಡೆಗೆ ಮುಂಚೆ ಪರೀಕ್ಷೆಗೆಂದು ಒಂದು ಆವೃತ್ತಿ ಬಿಡುತ್ತಾರೆ. ಅದನ್ನು ಅವಳು ಮಾವನ ಕಂಪ್ಯೂಟರಿಗೂ ಹಾಕಿದಳು. ಅದಾದ ಕೆಲವು ದಿನಕ್ಕೆ ಅಣ್ಣ ಊಟದ ಹೊತ್ತಿನಲ್ಲಿ, ತಟ್ಟೆ ನೋಡುತ್ತಾ, "ಬೇರೆ ಯಾರದಾದ್ರೂ ಚಿತ್ರ ಹಾಕ್ಕೊಳ್ಳಮ್ಮ" ಎಂದರಂತೆ.

"ಯಾಕೆ ಮಾವ?"

"ಸಾಕು. ಚಿಕ್ಕವರು ಬರೀಲಿ."

ಸಂಕೋಚವಿರಬೇಕು ಎಂದುಕೊಂಡಳು. ಮರುದಿನ ನೋಡಿದರೆ ಪೆನ್ನು ಪೆಟ್ಟಿಗೆ ಸೇರಿದೆ. ಹಲಗೆಯ ಮೇಲೆ ಮಡಿಸಿದ ಟವಲು. ಅಣ್ಣ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ಅಟ್ಟಕ್ಕೆ ಬ್ರಷ್ ಹಾಕಿದ ದಿನಗಳನ್ನು ಕಂಡಿದ್ದ ಮಗ ಅಂದು ಕೆಲಸಕ್ಕೆ ಹೋಗಲಿಲ್ಲ. ಡಾಕ್ಟರ ಹತ್ತಿರ ಕರೆದೊಯ್ದ. ಮದ್ದು ಸರಿಯಾಗಿಯೇ ಇದೆ, ಮನಸ್ಸಿಗೇನೋ ಬೇಸರವಿರಬೇಕು ಎಂದರು. "ಏನಪ್ಪಾ ಆಗಿದ್ದು?" ಎಂದು ಕೇಳಿದರೆ, "ಏನಿಲ್ಲ ಕಣೋ, ವಯಸ್ಸು" ಎಂಬ ಉತ್ತರ. ನನ್ನ ಹತ್ತಿರ ಬಂದು, "ಅಕ್ಕ, ನಿಮ್ಮ ಹತ್ರ ಆದ್ರೂ ಬಾಯಿ ಬಿಡ್ತಾರೇನೋ, ಒಂದು ಸಲ ಕೂತು ಬನ್ನಿ" ಎಂದ.

ಮಧ್ಯಾಹ್ನ ಗುಂಡಿಗೆ ಕಾಜಾ ಹಾಕುವ ಬಟ್ಟೆ ತೆಗೆದುಕೊಂಡು ಮೇಲೆ ಹೋದೆ. ಕೈಗೆ ಕೆಲಸವಿದ್ದರೆ ಎದುರಿನವರಿಗೆ ಮಾತಾಡಲು ಸಲೀಸು, ಅದು ನಾನು ಕಂಡುಕೊಂಡದ್ದು. ಅಣ್ಣ ಎದ್ದು ಕೂತರು. ನಾನು ಏನೂ ಕೇಳಲಿಲ್ಲ. ಒಂದು ಅಂಗಿಯ ಕಾಜಾಗಳೆಲ್ಲ ಮುಗಿದವು. ಎರಡನೆಯದಕ್ಕೆ ಸೂಜಿ ಪೋಣಿಸುತ್ತಿದ್ದಾಗ ಅವರೇ ಹೇಳಿದರು.

"ಕೈ ಹಿಡೀತಿದ್ದದ್ದು ಹೋಯ್ತು ತಂಗಿ."

ನಾನು ಸೂಜಿಗೆ ದಾರ ಎಳೆದುಕೊಂಡೆ.

"ಅದಿದ್ದಷ್ಟು ದಿನ ಏನೋ ನಡೀತು. ನಂದೇ ಕೈ, ನಂದೇ ವಿದ್ಯೆ ಅಂತ ಜಂಭ ಪಟ್ಕೊಂಡೆ. ಈಗ ಒಂದು ಗೆರೆ ನೆಟ್ಟಗೆ ಬರಲ್ಲ."

"ದೇವರಿದ್ದಾನೆ ಅಣ್ಣ."

"ಇದ್ದಾನೆ. ಮೊನ್ನೆವರೆಗೂ ಅದೂ ಇತ್ತು."

ಸೂಜಿ ಕೆಳಗಿಟ್ಟೆ. ಹೆಂಡತಿ ಹೋಗಿ ಇಷ್ಟು ಕಾಲವಾದರೂ ಇವರಿಗೆ ಮೊನ್ನೆಯಂತಿದೆಯಲ್ಲ! ಆಕೆಯ ಮುಖ ಬರೆಯಲು ಹೋಗಿ ಹಳೆಯ ಗಾಯ ಕೆದರಿದೆ ಎಂದು ತಿಳಿದೆ. "ಜೊತೆ ಅಂದ್ರೆ ಹಾಗೇ ಅಣ್ಣ, ಇರೋವಾಗ ಗೊತ್ತಾಗಲ್ಲ" ಎಂದೆ. ಅವರು ಸ್ವಲ್ಪ ವಿಚಿತ್ರವಾಗಿ ನನ್ನನ್ನು ನೋಡಿ, "ಹೂಂ" ಎಂದರು. ಕೆಳಗೆ ಬಂದು ದೇವರ ಮುಂದೆ ಕೂತೆ. ಆಕೆಯ ಆತ್ಮಕ್ಕೂ ಇವರ ಮನಸ್ಸಿಗೂ ಶಾಂತಿ ಕೊಡು ಎಂದು ಬೇಡಿಕೊಂಡೆ.

ಸಂಜೆ ಬಿಡುಗಡೆಯಮ್ಮ ಅಂಗಡಿಯಿಂದ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ನನ್ನ ಬಾಗಿಲಿಗೆ ಬಂದಳು. ಮುಖ ಬಾಡಿತ್ತು. ಪೊಟ್ಟಣಗಳನ್ನು ಕಟ್ಟಲು ಎಲ್ಲರೂ ಅವಳ ಒಂದು ಮಾತಿಗಾಗಿ ಕಾಯುತ್ತಿದ್ದರು. ಮಾವ ಏಳದಿದ್ದರೆ ಬಾಗಿಲಿಗೆ ಬೇರೆಯವರ ಚಿತ್ರ ಹಾಕಬೇಕು. ಹಾಕಿದ ಮೇಲೆ ಅವರು ಮತ್ತೆ ಪೆನ್ನು ಮುಟ್ಟುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಏನಂದ್ರಕ್ಕ?"

"ನಿಮ್ಮತ್ತೆ ನೆನಪು ಕಣಮ್ಮ" ಎಂದು, ಆಮೇಲೆ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಮಾತು ಬದಲಿಸಿ ಹೇಳುವ ಅಭ್ಯಾಸ ನನಗಿಲ್ಲ. "ಕೈ ಹಿಡೀತಿದ್ದದ್ದು ಹೋಯ್ತು, ಮೊನ್ನೆವರೆಗೂ ಅದೂ ಇತ್ತು ಅಂದ್ರು, ಪಾಪ."

ಅವಳು ಕಣ್ಣೊರೆಸಿಕೊಳ್ಳಲು ಸೆರಗೆತ್ತಿದವಳು ಅಲ್ಲೇ ನಿಂತಳು.

"ಇತ್ತು ಅಂದ್ರಾ? ಇದ್ದಳು ಅನ್ನಲಿಲ್ವಾ?"

"ಇತ್ತು ಅಂದ್ರು."

"ಅಕ್ಕ, ಮಾವ ಅತ್ತೇನ ಯಾವತ್ತೂ 'ಅದು' ಅಂದವರಲ್ಲ. ಬೈಯೋವಾಗ ಕೂಡ 'ಅವಳು' ಅಂತಲೇ ಬೈತಿದ್ರು." ಒಂದು ಕ್ಷಣ ತುಟಿ ಕಚ್ಚಿ ನಿಂತಳು. ಆಮೇಲೆ, "ಅಯ್ಯೋ, ಕೈಹಿಡಿ!" ಎಂದವಳೇ ಚಪ್ಪಲಿ ಕಾಲಲ್ಲೇ ಮೆಟ್ಟಿಲು ಹತ್ತಿದಳು. ನಾನೂ ಹಿಂದೆ ಓಡಿದೆ.

ವಿಷಯ ಇಷ್ಟೇ. ಗೆರೆ ಸಾವರಿಸುವ ಆ ಏರ್ಪಾಡಿಗೆ ಕನ್ನಡದಲ್ಲಿ 'ಕೈಹಿಡಿ' ಎಂದು ಹೆಸರಿಟ್ಟಿದ್ದವಳು ಅವಳೇ. ಈ ಸಲ ಪದಗಳನ್ನೆಲ್ಲ ಮತ್ತೊಮ್ಮೆ ನೋಡುವಾಗ, ಕನ್ನಡದ ಮೇಷ್ಟ್ರೊಬ್ಬರು, "ಕೈಹಿಡಿ ಅಂದ್ರೆ ಮದುವೆ ಮನೆಯ ಮಾತಿನ ಹಾಗಿದೆ, ಸ್ಥಿರೀಕಾರಕ ಅಂತ ಮಾಡಿ, ಗಾಂಭೀರ್ಯ ಇರುತ್ತೆ" ಎಂದು ಸಲಹೆ ಕೊಟ್ಟರು. ಕನ್ನಡ ಚೆನ್ನಾಗಿರಲಿ ಎಂಬ ಪ್ರೀತಿಯಿಂದಲೇ ಹೇಳಿದ್ದು. ತನ್ನ ಓದು ಅರ್ಧದ್ದು ಎಂಬ ಅಳುಕು ಇವಳಿಗೆ ಇದ್ದೇ ಇತ್ತು. ಬದಲಾಯಿಸಿದಳು. ಆದರೆ ಆ ಸಾಫ್ಟ್‌ವೇರ್ ಉಳಿದ ಏರ್ಪಾಡುಗಳನ್ನೆಲ್ಲ ತನ್ನದೇ ಗುಟ್ಟಿನ ಗುರುತಿನಿಂದ ನೆನಪಿಟ್ಟುಕೊಂಡರೆ, ಇದೊಂದನ್ನು ಮಾತ್ರ ಪರದೆಯ ಮೇಲೆ ಕಾಣುವ ಹೆಸರಿನಿಂದಲೇ ನೆನಪಿಟ್ಟುಕೊಳ್ಳುತ್ತಿತ್ತು. ಯಾವ ಭಾಷೆಯವರೂ ಆ ಹೆಸರು ಬದಲಾಯಿಸಿರದ ಕಾರಣ ಯಾರಿಗೂ ಅದು ತಿಳಿದಿರಲಿಲ್ಲ. ಹೊಸ ಹೆಸರು ಬಂದದ್ದೇ ತಡ, ಹಳೆಯ ಹೆಸರಿನಲ್ಲಿ ಇಟ್ಟಿದ್ದ ಅಳತೆಯ ಗುರುತು ಅದಕ್ಕೆ ಸಿಗಲಿಲ್ಲ. ಅಣ್ಣ ಗೊತ್ತುಮಾಡಿಟ್ಟಿದ್ದ ಅಳತೆ ಸೊನ್ನೆಗೆ ಇಳಿದಿತ್ತು.

"ಮಾವ, ಕೈಹಿಡಿ ಕಾಣ್ತಿಲ್ಲ ಅಂತ ನಂಗೆ ಯಾಕೆ ಹೇಳಲಿಲ್ಲ?"

"ನೀನೇ ತೆಗೆದಿರ್ತೀಯ ಅಂದ್ಕೊಂಡೆ. ಆ ಜಾಗದಲ್ಲಿ ಏನೋ ದೊಡ್ಡೋರ ಮಾತು ಬಂದು ಕೂತಿತ್ತು. ಓದಿದವರಿಗೆ ಇರಬೇಕು ಅಂತ ಮುಟ್ಟಲಿಲ್ಲ."

"ನಾನ್ಯಾಕೆ ತೆಗೀಲಿ ಮಾವ!"

"ಊರಿಗೆಲ್ಲ ಮಾಡೋ ಕೆಲಸ ನಿಂದು. ನನ್ನೊಬ್ಬನ ಕೈಗೋಸ್ಕರ ಅದು ಇಡು ಇದು ಇಡು ಅನ್ನೋಕಾಗುತ್ತಾ? ಆಮೇಲೆ, ನಡುಗಿದ್ದು ನನ್ನ ಕೈ ತಾನೇ."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. "ಅಣ್ಣ, ನಾನು ಅತ್ತಿಗೆಗೆ ಶಾಂತಿ ಕೋರಿ ಬಂದೆನಲ್ಲ!"

"ಪರವಾಗಿಲ್ಲ ಬಿಡು, ಅವಳಿಗೂ ಬೇಕು ಅದು. ಬದುಕಿದ್ದಾಗ ನಾನು ಕೊಟ್ಟಿದ್ದು ಕಡಿಮೆ" ಎಂದರು. ಆ ವಾರ ಅವರು ಆಡಿದ ಮೊದಲ ತಮಾಷೆ ಅದು.

ಅಷ್ಟರಲ್ಲಿ ಮಗ ಬಂದ. ಎಲ್ಲ ಕೇಳಿ, "ಅಪ್ಪನ ಕಂಪ್ಯೂಟರ್‌ನಲ್ಲಿ ಆ ಅಳತೆ ಮತ್ತೆ ಏರಿಸಿಬಿಡು, ಮುಗೀತು. ನಾಳೆ ಬಿಡುಗಡೆ ಮಾಡ್ಕೋ. ಅಷ್ಟೂ ಜನ ಕಾಯ್ತಿದ್ದಾರೆ, ಮ್ಯಾಕಣ್ಣ ರಜೆ ಬೇರೆ ಹಾಕಿದ್ದಾನೆ" ಎಂದ.

ಅವನು ಹೇಳಿದ್ದು ಸುಳ್ಳೂ ಅಲ್ಲ, ಸುಲಭವೂ ಹೌದು. ಆದರೂ ಅವಳು ಕೇಳಿದಳು, "ರೀ, ಲಿಫ್ಟ್ ಮಧ್ಯದಲ್ಲಿ ನಿಂತ್ರೆ ಜನ ಏನ್ಮಾಡ್ತಾರೆ?"

"ಬೈತಾರೆ."

"ಯಾರನ್ನ?"

"ಇನ್ಯಾರನ್ನ, ನನ್ನನ್ನ."

"ಗೆರೆ ನಡುಗಿದ್ರೆ?"

ಅವನು ಅಪ್ಪನ ಕಡೆ ನೋಡಿದ.

"ಮಾವನಂಥೋರು ಇನ್ನೆಲ್ಲಿ ಎಷ್ಟು ಜನ ಇದ್ದಾರೋ ನಂಗೊತ್ತಿಲ್ಲ. ಇದ್ರೂ ಒಬ್ಬರೂ ನಂಗೆ ದೂರು ಬರೆಯಲ್ಲ. ನನ್ನ ಕೈ ಹೋಯ್ತು ಅಂದ್ಕೊಂಡು ಗೋಡೆ ಕಡೆ ತಿರುಗಿ ಮಲಗ್ತಾರೆ, ಅಷ್ಟೇ" ಎಂದಳು.

ಅವಳು ಮೇಜಿಗೆ ಕೂತು ಎಲ್ಲರಿಗೂ ಬರೆದಳು. ಬರೆದದ್ದನ್ನು ನಮಗೆ ಕನ್ನಡದಲ್ಲಿ ಹೇಳಿದಳು: ತಪ್ಪು ನನ್ನ ಭಾಷೆಯಲ್ಲಿ, ನನ್ನ ಕೈಯಿಂದ ಆಗಿದೆ, ಬಿಡುಗಡೆಯನ್ನು ತಡೆಯಬೇಕು, ನೋವು ಉಂಡವರು ಸದ್ಯಕ್ಕೆ ನನಗೆ ಗೊತ್ತಿರುವವರು ಒಬ್ಬರೇ. ಇನ್ನೊಮ್ಮೆ ಓದಿಕೊಂಡು ಕಳಿಸಿದಳು.

ಮೊದಲು ಬಂದ ಉತ್ತರ ಮ್ಯಾಕಣ್ಣನದು. ಓದುತ್ತಾ ಅವಳ ಹೆಗಲು ಸಡಿಲವಾಯಿತು. "ಏನಂತೆ?" ಎಂದೆ. "ಮಗೂಗೆ ಜ್ವರವಂತೆ ಅಕ್ಕ. ನಾನೇ ಮುಂದಕ್ಕೆ ಹಾಕಿ ಅಂತ ಕೇಳೋಣ ಅಂತಿದ್ದೆ, ನಾಚಿಕೆಯಾಗಿ ಕೇಳಲಿಲ್ಲ, ನೀವೇ ತಡೆದಿರಿ, ಒಳ್ಳೇದಾಯ್ತು ಅಂತ ಬರೆದಿದ್ದಾನೆ." ಅಂದಿನ ನನ್ನ ಪ್ರಾರ್ಥನೆಗೆ ಕಂಡು ಕೇಳರಿಯದ ಆ ಮಗುವೂ ಸೇರಿತು.

ಒಬ್ಬಿಬ್ಬರು ಗೊಣಗಿದರು, ಇಲ್ಲವೆಂದಲ್ಲ. ಒಬ್ಬರಿಗಾಗಿ ಎಲ್ಲರನ್ನೂ ನಿಲ್ಲಿಸುವುದೇ ಎಂದು ಒಬ್ಬ ಖಾರವಾಗಿಯೇ ಬರೆದ. ಅವಳು ಜಗಳವಾಡಲಿಲ್ಲ, ಕೆಲಸ ಹಿಡಿದಳು. ಹೆಸರು ಯಾವುದಾದರೂ ಗುರುತು ತಪ್ಪದಂತೆ ಸರಿಮಾಡಿದಳು. ಸ್ಥಿರೀಕಾರಕವನ್ನು ತೆಗೆದು ಕೈಹಿಡಿಯನ್ನೇ ಮತ್ತೆ ಕೂರಿಸಿದಳು. ಮೇಷ್ಟ್ರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಾಗ ಅವರು, "ಆ ಹಿರಿಯರಿಗೆ ಅರ್ಥವಾಗೋ ಮಾತೇ ಇರಲಮ್ಮ" ಎಂದರಂತೆ.

ಅಣ್ಣ ಟವಲು ತೆಗೆದರು. ಏಣಿ ಹಿಡಿದ ಹೆಂಗಸಿನ ಕೈ ಮುಗಿಯಿತು, ಮುಖವೂ. ಆಕೆ ಮೇಲೆ ನೋಡುತ್ತಿಲ್ಲ, ಯಾವುದೋ ಮಾತಿಗೆ ನಗುತ್ತಾ ಬೀದಿಯ ಕಡೆ ನೋಡುತ್ತಿದ್ದಾಳೆ. "ಏಣಿ ಹಿಡಿ ಅಂದ್ರೆ ಹೋಗೋ ಬರೋರನ್ನ ಮಾತಾಡಿಸ್ತಿದ್ದಳು. ಆದ್ರೆ ಕೈ ಮಾತ್ರ ಸಡಿಲ ಬಿಟ್ಟವಳಲ್ಲ" ಎಂದರು. ಬಿಡುಗಡೆಯ ದಿನ ಮೇಜಿನ ಮೇಲಿನ ಮೂರು ಕಂಪ್ಯೂಟರುಗಳಲ್ಲೂ ಆ ನಗು ಕ್ಷಣಹೊತ್ತು ಮೂಡಿ ಹೋಯಿತು. ಮಗ ಮೂರನ್ನೂ ಮತ್ತೆ ಮತ್ತೆ ಮುಚ್ಚಿ ತೆರೆದ. ಲಿಫ್ಟಿನ ಬಾಗಿಲನ್ನು ಪರೀಕ್ಷಿಸುವವನ ಹಾಗೆ.

ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಒಂದು ರಜೆಯ ದಿನ ಮೇಲೆ ಹೋದಾಗ ಬಿಡುಗಡೆಯಮ್ಮ ಮಾವನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಏನೋ ಬೇಡುತ್ತಿದ್ದಳು.

"ಕೈಹಿಡಿ ತೆಗೆದು ಒಂದು ಗೆರೆ ಎಳೀರಿ ಮಾವ."

"ತೆಗೆದಾ? ಯಾಕೆ? ಆ ಮಾನಗೇಡಿ ಗೆರೇನ ಯಾರಿಗೆ ತೋರಿಸ್ತೀಯ?"

"ಸಾಫ್ಟ್‌ವೇರ್ ಒಳಗೇ ಇಡ್ತೀನಿ. ಮುಂದೆ ಯಾವ ಹೊಸ ಆವೃತ್ತಿ ಮಾಡಿದ್ರೂ ಕಂಪ್ಯೂಟರ್ ಮೊದಲು ನಿಮ್ಮ ಗೆರೇನ ತಾನೇ ಎಳೆದು ನೋಡುತ್ತೆ. ಕೈಹಿಡಿ ಅದನ್ನ ನೆಟ್ಟಗೆ ಮಾಡಿದ್ರೆ ಸರಿ. ಮಾಡದಿದ್ರೆ ಕೆಂಪು ದೀಪ, ಯಾವನಿಗೂ ಬಿಡುಗಡೆ ಇಲ್ಲ. ನಮ್ಮ ಕೈಯಲ್ಲಿ ಅಂಥ ಗೆರೆ ಬರಲ್ಲ ಮಾವ, ನಾನು ಬೇಕಂತ ನಡುಗಿಸಿ ನೋಡಿದೆ. ಸುಳ್ಳು ಸುಳ್ಳಾಗಿ ಕಾಣುತ್ತೆ."

ಅಣ್ಣ ಬಹಳ ಹೊತ್ತು ತಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಕೂತರು. ಜೀವಮಾನವಿಡೀ ನೆಟ್ಟನೆಯ ಗೆರೆಯಿಂದ ಅನ್ನ ದುಡಿದ ಮನುಷ್ಯ. ನಾನು ಬಂದದ್ದು ಕಂಡು, "ನೀನು ಆ ಕಡೆ ತಿರುಗು ತಂಗಿ" ಎಂದರು. ಗೋಡೆಯ ಕಡೆ ತಿರುಗಿ ನಿಂತೆ. ಹಲಗೆಯ ಮೇಲೆ ಪೆನ್ನು ಉಜ್ಜುವ ಸಣ್ಣ ಸದ್ದು ಕೇಳಿಸಿತು. ನಿಂತಿತು. ಮತ್ತೆ ಸಾಗಿತು.

"ಹೂಂ, ನೋಡು ಬೇಕಾದ್ರೆ" ಎಂದರು.

ನೋಡಿದೆ. ಪರದೆಯ ಈ ತುದಿಯಿಂದ ಆ ತುದಿಗೆ ಒಂದು ಗೆರೆ, ಗಾಳಿಗೆ ಸಿಕ್ಕ ನೂಲಿನಂತೆ ಏರಿ ಇಳಿದು, ಎಲ್ಲಿಯೂ ಕಡಿಯದೆ ಹೋಗಿತ್ತು. ಬಿಡುಗಡೆಯಮ್ಮ ಅದನ್ನು ಉಳಿಸಿಕೊಂಡಳು.

"ಇಷ್ಟು ಸಾಕೇನಮ್ಮ?" ಎಂದರು ಅಣ್ಣ. "ಬೆಳಿಗ್ಗೆ ಎದ್ದ ತಕ್ಷಣ ಆದ್ರೆ ಇನ್ನೂ ಚೆನ್ನಾಗಿ ನಡುಗುತ್ತೆ."

"ಹಾಗಾದ್ರೆ ಬೆಳಿಗ್ಗೆದೂ ಒಂದು ಕೊಡಿ ಮಾವ" ಎಂದಳು.